ಮಾತು ನಿಲ್ಲಿಸದ ಯಂತ್ರ

ನನಗೆ ಕಣ್ಣು ಕಾಣದು. ಪರದೆಯಲ್ಲಿ ಇರುವುದನ್ನು ದನಿಯಲ್ಲಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದಲೇ ಕಂಪ್ಯೂಟರ್ ಬಳಸುತ್ತೇನೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಕೆಳಬಾಣದ ಕೀಲಿ ಒತ್ತಿದರೆ ಉತ್ತರ ಬರಲು ಕೆಲವೊಮ್ಮೆ ಎರಡು ಸೆಕೆಂಡು ಹಿಡಿಯುತ್ತಿತ್ತು. ಕಣ್ಣು ಕಾಣುವವರ ಪಾಲಿಗೆ ಅದು ನಿಧಾನ, ಅಷ್ಟೆ. ಪರದೆ ಅವರ ಮುಂದೆ ಇದ್ದೇ ಇರುತ್ತದೆ. ನನಗೆ ಆ ಎರಡು ಸೆಕೆಂಡುಗಳಲ್ಲಿ ಕಂಪ್ಯೂಟರೇ ಇರುವುದಿಲ್ಲ. ಕೀಲಿ ಬಿದ್ದಿತೇ? ಬಿದ್ದಿದ್ದರೆ ಯಾವ ವಿಂಡೋದಲ್ಲಿ ಬಿದ್ದಿತು? ಇನ್ನೊಮ್ಮೆ ಒತ್ತಲೇ? ಒತ್ತಿದರೆ ತಡವಾಗಿದ್ದ ಎರಡೂ ಒತ್ತುಗಳು ಒಟ್ಟಿಗೆ ಬಂದು ಕರ್ಸರ್ ಒಂದು ಸಾಲು ಮುಂದೆ ಹೋಗಿರುತ್ತದೆ, ಆಮೇಲೆ ಅಳಿಸಲು ಹೋದರೆ ಉಳಿಯಬೇಕಾದ ಸಾಲೇ ಅಳಿಸಿಹೋಗುತ್ತದೆ. ದಿನವಿಡೀ ಕನ್ನಡ ಪಠ್ಯ ತಿದ್ದುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಹೀಗೆಯೇ ಎರಡು ಪ್ಯಾರಾ ಹೋದ ಮೇಲೆ ಹೊಸ ಯಂತ್ರ ಕಟ್ಟಿಕೊಳ್ಳುವುದೆಂದು ತೀರ್ಮಾನಿಸಿದೆ. ಆ ಮೂರು ವಾರಗಳಲ್ಲಿ ಏನೇನು ಮಾಡಿದೆ, ಯಾಕೆ ಮಾಡಿದೆ ಎಂಬುದರ ದಾಖಲೆ ಇದು.

1ನೇ ದಿನ

ಕಾಯಿಲೆ ಯಾವುದೆಂದು ತಿಳಿಯದೆ ಔಷಧ ಕೊಳ್ಳಬಾರದು. ಯಂತ್ರದ ಯಾವ ಭಾಗಕ್ಕೆ ಎಷ್ಟು ಕೆಲಸ ಬಿದ್ದಿದೆ ಎಂದು ಹೇಳುವ ಟಾಸ್ಕ್ ಮ್ಯಾನೇಜರ್ ತೆರೆದು ಕೇಳಿಸಿಕೊಂಡೆ: ಪ್ರೊಸೆಸರ್ ಬಹುಪಾಲು ಸುಮ್ಮನೆ ಕುಳಿತಿದೆ, ಡಿಸ್ಕ್ ಮಾತ್ರ ನೂರಕ್ಕೆ ನೂರು. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್, ಜೊತೆಗೆ 4 ಜಿಬಿ ರ್ಯಾಮ್, ಅಂದರೆ ನಡೆಯುತ್ತಿರುವ ಕೆಲಸವನ್ನು ಹಿಡಿದಿಡುವ ತಾತ್ಕಾಲಿಕ ನೆನಪು. ರ್ಯಾಮ್ ತುಂಬಿದಾಗ ವಿಂಡೋಸ್ ತನ್ನ ಸರಕನ್ನು ಆ ಡಿಸ್ಕಿಗೆ ಎತ್ತಿಡುತ್ತದೆ, ಬೇಕಾದಾಗ ಮತ್ತೆ ತರುತ್ತದೆ. ನನ್ನ ಧ್ವನಿ ಆ ಸಾಗಾಟದ ಹಿಂದೆ ಸರದಿಯಲ್ಲಿ ನಿಂತಿರುತ್ತಿತ್ತು.

ಸ್ಕ್ರೀನ್ ರೀಡರ್ ಹಗುರವಾದ ತಂತ್ರಾಂಶ. ಆದರೂ ಯಂತ್ರಕ್ಕೆ ಭಾರ ಬೀಳುವುದು ಏಕೆಂಬುದನ್ನು ಇಲ್ಲಿಯೇ ಹೇಳಬೇಕು. ಸ್ಕ್ರೀನ್ ರೀಡರ್ ಪರದೆಯ ಚಿತ್ರವನ್ನು ನೋಡಿ ಓದುವುದಿಲ್ಲ. ಅದು ಪ್ರತಿಯೊಂದು ತಂತ್ರಾಂಶವನ್ನೂ ಕೇಳುತ್ತದೆ: ಈಗ ಬಳಕೆದಾರ ಎಲ್ಲಿ ನಿಂತಿದ್ದಾನೆ, ಅದರ ಹೆಸರೇನು, ಅದು ಬಟನ್ನೋ ಪಟ್ಟಿಯೋ, ಗುರುತು ಹಾಕಿದೆಯೋ ಇಲ್ಲವೋ? ಬ್ರೌಸರಿನಲ್ಲಂತೂ ಇಡೀ ಪುಟದ ಹಂದರವನ್ನು ಕೇಳಿ ಪಡೆದು ಪಠ್ಯವಾಗಿ ಜೋಡಿಸಿಟ್ಟುಕೊಳ್ಳುತ್ತದೆ. ಸಾವಿರಾರು ಕೊಂಡಿಗಳ ಪುಟ ತೆರೆದರೆ ಅಷ್ಟು ಪ್ರಶ್ನೋತ್ತರ ನಡೆಯಬೇಕು. ಆದ್ದರಿಂದ ನನಗೆ ಬೇಕಾದದ್ದು ತಕ್ಷಣ ಉತ್ತರಿಸುವ ಯಂತ್ರ. ದೊಡ್ಡ ಲೆಕ್ಕ ಮಾಡುವ ಶಕ್ತಿ ಬೇಕಿರಲಿಲ್ಲ.

2ನೇ ದಿನ

ಪಟ್ಟಿ ಬರೆದೆ. ಜಾಹೀರಾತುಗಳಲ್ಲಿ ಮೊದಲ ಸಾಲಿನಲ್ಲಿ ಇರುವ ಪರದೆಯ ರೆಸಲ್ಯೂಷನ್, ಬಣ್ಣದ ನಿಖರತೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಮೂರನ್ನೂ ಹೊಡೆದುಹಾಕಿದೆ. ನನ್ನ ಪಟ್ಟಿಯ ತಲೆಯಲ್ಲಿ ಎರಡೇ ಇದ್ದವು: ಕೀಲಿಮಣೆ ಮತ್ತು ಧ್ವನಿ. ನನ್ನ ಪಾಲಿಗೆ ಅವೇ ಪರದೆ. ಆಮೇಲೆ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್), 16 ಜಿಬಿ ರ್ಯಾಮ್ (8 ಕನಿಷ್ಠ), ಬಿಚ್ಚಿ ಬದಲಿಸಬಹುದಾದ ಭಾಗಗಳು, 3.5 ಮಿ.ಮೀ. ಇಯರ್‌ಫೋನ್ ರಂಧ್ರ, ಸದ್ದು ಮಾಡದ ಫ್ಯಾನ್. ಫ್ಯಾನಿನ ವಿಷಯವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನನ್ನ ಕಿವಿಗೆ ಫ್ಯಾನಿನ ಮೊರೆತ ಪರದೆಯ ಮೇಲೆ ಬಿದ್ದ ಬಿಸಿಲಿನ ಹಾಗೆ.

4ನೇ ದಿನ: ಕೈಯಿಟ್ಟು ನೋಡಿದ್ದು

ತಂಗಿ ಜೊತೆಗೆ ಬಂದಳು. ಮಾರಾಟಗಾರ ಮೊದಲ ಮಾತಿಗೇ ಅವಳತ್ತ ತಿರುಗಿ, "ಇವರಿಗೆ ಯಾವುದು ಬೇಕಂತೆ ಮೇಡಂ?" ಎಂದು ಕೇಳಿದ. "ನನ್ನನ್ನೇ ಕೇಳಿ, ಬಳಸುವವನು ನಾನು" ಎಂದೆ. ಅಂಥ ಕ್ಷಣಗಳಲ್ಲಿ ಜೊತೆಗೆ ಬಂದವರು ಸುಮ್ಮನಿರಬೇಕು. ತಂಗಿ ಸುಮ್ಮನಿದ್ದಳು. ಆಮೇಲೆ ಆ ಹುಡುಗ ಯಂತ್ರಗಳನ್ನು ನೇರವಾಗಿ ನನ್ನ ಕೈಗೇ ಕೊಟ್ಟ.

ಜೇಬಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು, ಅದರಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನ ಪೋರ್ಟಬಲ್ ಪ್ರತಿ, ಅಂದರೆ ಯಂತ್ರದಲ್ಲಿ ಸ್ಥಾಪಿಸದೆಯೇ ಓಡಿಸಬಹುದಾದದ್ದು. ಎನ್‌ವಿಡಿಎ ಮೆನುವಿನ ಟೂಲ್ಸ್ ವಿಭಾಗದಲ್ಲಿ ಈ ಪ್ರತಿ ಮಾಡಿಕೊಳ್ಳುವ ಆಯ್ಕೆ ಇದೆ. ನಮ್ಮ ಹೊಂದಾಣಿಕೆಗಳೂ ಅದರೊಂದಿಗೇ ಬರುತ್ತವೆ. ಲಾಗಿನ್ ಪರದೆಯಲ್ಲಿ, ಆಡಳಿತಾಧಿಕಾರದ ಅನುಮತಿ ಕೇಳುವ ಪರದೆಯಲ್ಲಿ ಅದು ಮಾತನಾಡುವುದಿಲ್ಲ. ಆದರೆ ಕೊಳ್ಳುವ ಮೊದಲು ಯಂತ್ರದ ಗುಣ ತಿಳಿಯಲು ಧಾರಾಳ ಸಾಕು.

ಮೊದಲ ಲ್ಯಾಪ್‌ಟಾಪ್ ಅದನ್ನು ಓಡಿಸಲೇ ಒಪ್ಪಲಿಲ್ಲ. ಅದರಲ್ಲಿ ವಿಂಡೋಸ್ ಎಸ್ ಮೋಡಿನಲ್ಲಿ ಇತ್ತು. ಆ ಮೋಡಿನಲ್ಲಿ ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ತಂತ್ರಾಂಶಗಳಿಗೆ ಮಾತ್ರ ಪ್ರವೇಶ. ಹಣ ಕೊಡದೆಯೇ ಅದರಿಂದ ಹೊರಬರಬಹುದು, ಮರಳಿ ಹೋಗಲಾಗದು. ಕೊಳ್ಳುವ ಮುನ್ನ ಇದನ್ನು ಕೇಳಿಕೊಳ್ಳಿ.

ಎರಡನೆಯದರಲ್ಲಿ ಬಾಣದ ಕೀಲಿಗಳು ಅರ್ಧ ಎತ್ತರದವು. ಮೇಲುಬಾಣ, ಕೆಳಬಾಣ ಎರಡೂ ಸೇರಿ ಒಂದು ಕೀಲಿಯ ಜಾಗದಲ್ಲಿ ಒತ್ತಿಕೊಂಡಿದ್ದವು. ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್ ಪ್ರತ್ಯೇಕವಾಗಿ ಇಲ್ಲವೇ ಇಲ್ಲ, ಎಫ್‌ಎನ್ ಹಿಡಿದು ಬಾಣ ಒತ್ತಬೇಕು. ದಿನಕ್ಕೆ ಸಾವಿರ ಸಲ ಒತ್ತುವ ಕೀಲಿ ಅದು. ಸಾಲಿನ ಕೊನೆಗೆ ಹೋಗಲು ಎರಡು ಬೆರಳು, ಸಾಲು ಆಯ್ದುಕೊಳ್ಳಲು ಮೂರು ಬೆರಳು! ಬೇಡವೆಂದೆ.

ಮೂರನೆಯದರ ಬಲ ಮೂಲೆಯಲ್ಲಿ ಡಿಲೀಟ್ ಕೀಲಿಯ ಪಕ್ಕಕ್ಕೇ ಪವರ್ ಬಟನ್, ಅದೇ ಗಾತ್ರ, ಅದೇ ನುಣುಪು. ಬೆರಳಿಗೆ ವ್ಯತ್ಯಾಸವೇ ಸಿಗದು. ಜೊತೆಗೆ ಬಲಗಡೆಯ ಕಂಟ್ರೋಲ್ ಕೀಲಿಯ ಜಾಗದಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕವನ್ನು ಕರೆಯುವ ಹೊಸ ಕೀಲಿ ಇತ್ತು. 2024ರಿಂದ ಈಚಿನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಇದು ಬಂದಿದೆ. ಸ್ಕ್ರೀನ್ ರೀಡರಿನ ಮಾತನ್ನು ನಡುವೆ ನಿಲ್ಲಿಸುವುದು ಕಂಟ್ರೋಲ್ ಕೀಲಿಯಿಂದ. ನನ್ನ ಬಲಗೈ ಕಿರುಬೆರಳು ಹನ್ನೆರಡು ವರ್ಷಗಳಿಂದ ಆ ಜಾಗವನ್ನು ಬಲ್ಲದು. ಮಾತು ನಿಲ್ಲಿಸಲು ಹೋದಾಗಲೆಲ್ಲ ಬೇರೊಂದು ವಿಂಡೋ ತೆರೆದುಕೊಂಡು ಮಾತು ಇನ್ನಷ್ಟು ಹೆಚ್ಚಾಯಿತು. ಕೀಲಿಯನ್ನು ಬದಲಿಸಿಕೊಳ್ಳುವ ದಾರಿಗಳಿವೆ, ಆದರೂ ಪವರ್ ಬಟನ್ನಿನ ಕಾಟ ಸೇರಿ ಅದೂ ಬೇಡವಾಯಿತು.

ನಾಲ್ಕನೆಯದು ಹದಿನೈದಿಂಚಿನದು, ದಪ್ಪನೆಯದು, ತಂಗಿಯ ಪ್ರಕಾರ ನೋಡಲು ಹಳೆಯ ಕಾಲದ್ದು. ಕೈಯಿಟ್ಟೆ. ಎಫ್ ಮತ್ತು ಜೆ ಕೀಲಿಗಳ ಮೇಲಿನ ಗೆರೆ ಉಗುರಿಗೂ ಸಿಗುವಷ್ಟು ಎತ್ತರ. ಫಂಕ್ಷನ್ ಕೀಲಿಗಳು ನಾಲ್ಕು ನಾಲ್ಕಾಗಿ ಗುಂಪು, ನಡುವೆ ಬಿಡುವು. ಬಾಣಗಳು ಪೂರ್ಣ ಗಾತ್ರದವು, ಸುತ್ತ ಖಾಲಿ ಜಾಗ. ಸ್ಕ್ರೀನ್ ರೀಡರಿಗೆ ಆಜ್ಞೆ ಕೊಡುವಾಗ ಹಿಡಿಯುವ ಇನ್ಸರ್ಟಿಗೂ ತನ್ನದೇ ಕೀಲಿ. ಎನ್‌ವಿಡಿಎಯಲ್ಲಿ ಕ್ಯಾಪ್ಸ್ ಲಾಕ್ ಕೀಲಿಯನ್ನೂ ಇನ್ಸರ್ಟ್‌ನಂತೆ ಬಳಸಬಹುದು, ಆದರೆ ನಾನು ಇನ್ಸರ್ಟಿಗೇ ಒಗ್ಗಿದವನು. ಪವರ್ ಬಟನ್ ಕೀಲಿಮಣೆಯಿಂದ ಹೊರಗೆ.

ಇನ್ನು ಧ್ವನಿಯ ಪರೀಕ್ಷೆ. ನೋಟ್‌ಪ್ಯಾಡಿನಲ್ಲಿ ಈ ಪದಗಳನ್ನು ಬರೆದು ಓದಿಸಿದೆ: ಕರ, ಖರ. ಶವ, ಸವ. ಬಾರ, ಭಾರ. ಅಲ್ಲಿ, ಹಲ್ಲಿ. ಸ್ಪೀಕರ್ ಅಡಿಯಲ್ಲಿದ್ದು ಮೇಜಿನತ್ತ ಮುಖ ಮಾಡಿದ್ದ ಎರಡನೆಯ ಲ್ಯಾಪ್‌ಟಾಪಿನಲ್ಲಿ ಶಕಾರ ಸಕಾರ ಒಂದೇ ಆಗಿದ್ದವು, ಮಹಾಪ್ರಾಣ ಮಾಯವಾಗಿತ್ತು. ತಿದ್ದುವ ಕೆಲಸದವನಿಗೆ ಇದು ಸಣ್ಣ ವಿಷಯವಲ್ಲ. 'ಶಾಲೆ' ಎಂದು ಕೇಳಿದ್ದು ಕಡತದಲ್ಲಿ 'ಸಾಲೆ' ಎಂದಿರಬಹುದು. ನಾಲ್ಕನೆಯದರ ಸ್ಪೀಕರ್ ಕೀಲಿಮಣೆಯ ಎರಡೂ ಬದಿಯಲ್ಲಿ ಮೇಲ್ಮುಖವಾಗಿತ್ತು. ಎಂಟೂ ಪದ ಬೇರೆ ಬೇರೆಯಾಗಿ ಕೇಳಿದವು. ಅದನ್ನೇ ತಂದೆ. ಒಳಗೆ 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ. ರ್ಯಾಮಿಗೆ ಎರಡು ಸ್ಲಾಟ್, ಒಂದು ಖಾಲಿ. ಉಳಿದದ್ದನ್ನು ನಾನೇ ಸೇರಿಸುವುದೆಂದು ಲೆಕ್ಕ.

ಬೇರೆ ದಾರಿಗಳು

ಮ್ಯಾಕ್ ಏಕೆ ಅಲ್ಲ ಎಂದು ಹಲವರು ಕೇಳಿದರು. ಅದರಲ್ಲಿ ವಾಯ್ಸ್‌ಓವರ್ ಎಂಬ ಸ್ಕ್ರೀನ್ ರೀಡರ್ 2005ರಿಂದ ಅಂತರ್ಗತವಾಗಿಯೇ ಇದೆ. ಕಮಾಂಡ್ ಮತ್ತು ಎಫ್5 ಒತ್ತಿದರೆ ಮೊದಲ ದಿನದ ಸಿದ್ಧತೆಯಿಂದಲೇ ಮಾತು ಶುರು. ಗೆಳೆಯನ ಯಂತ್ರವನ್ನು ಎರಡು ದಿನ ಬಳಸಿದೆ, ಇಷ್ಟವೂ ಆಯಿತು. ಆದರೆ ನಾನು ಕೆಲಸ ಮಾಡುವ ಕಡೆಯ ತಂತ್ರಾಂಶಗಳೆಲ್ಲ ವಿಂಡೋಸಿನವು. ಲಿನಕ್ಸಿನಲ್ಲಿ ಆರ್ಕಾ ಎಂಬ ಸ್ಕ್ರೀನ್ ರೀಡರ್ ಇದೆ. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ ಸ್ಥಾಪನೆಯಲ್ಲಿ ಬೀಪ್ ಕೇಳಿದ ಮೇಲೆ ಎಸ್ ಒತ್ತಿ ಎಂಟರ್ ಒತ್ತಿದರೆ ಸ್ಥಾಪಕವೇ ಮಾತನಾಡುತ್ತದೆ. ಆ ಬೀಪ್ ಇಟ್ಟವರ ಬಗ್ಗೆ ನನಗೆ ಅಪಾರ ಗೌರವ.

5ರಿಂದ 12ನೇ ದಿನ: ಯಾವ ದನಿ

ಒಂದೇ ಐದು ಕೆಲಸಗಳನ್ನು ಮೂರು ಸ್ಕ್ರೀನ್ ರೀಡರುಗಳಲ್ಲಿ ಮಾಡಿದೆ: ನಲವತ್ತು ಪುಟದ ಕಡತದಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗುವುದು, ಎಕ್ಸೆಲ್ ಹಾಳೆಯಲ್ಲಿ ಅಂಕಣದ ಹೆಸರು ಕೇಳುತ್ತಾ ಸಾಗುವುದು, ಜಾಲತಾಣದಲ್ಲಿ ಅರ್ಜಿ ತುಂಬುವುದು, ಸ್ಕ್ಯಾನ್ ಮಾಡಿದ ಪಿಡಿಎಫ್ ಓದುವುದು, ತಿದ್ದುಪಡಿಗಳ ಗುರುತಿರುವ ಕಡತ ನೋಡುವುದು. ಸಮಯವನ್ನು ಅಳೆಯಲಿಲ್ಲ, ಒತ್ತಿದ ಕೀಲಿಗಳನ್ನು ಎಣಿಸಿದೆ. ಸಮಯ ಅಭ್ಯಾಸವನ್ನು ಅವಲಂಬಿಸುತ್ತದೆ. ಕೀಲಿಗಳ ಎಣಿಕೆ ಅಷ್ಟಾಗಿ ಮೋಸ ಮಾಡುವುದಿಲ್ಲ.

ಜಾಸ್ ಹಿರಿಯದು. ಮೋಟಾರ್‌ಸೈಕಲ್ ಸ್ಪರ್ಧಿಯಾಗಿದ್ದು, 1978ರ ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡ ಟೆಡ್ ಹೆಂಟರ್ ಕಟ್ಟಿದ ಕಂಪನಿಯಿಂದ 1989ರಲ್ಲಿ ವಿಂಡೋಸಿಗೂ ಹಿಂದಿನ ಡಾಸ್‌ಗೆ, 1995ರಲ್ಲಿ ವಿಂಡೋಸಿಗೆ ಬಂತು. ಪರವಾನಗಿಗೆ ಹಣ ಕೊಡಬೇಕು. ಆದರೆ ಪರವಾನಗಿ ಇಲ್ಲದೆಯೂ ಒಂದು ಸಲಕ್ಕೆ 40 ನಿಮಿಷ ಪೂರ್ತಿಯಾಗಿ ಬಳಸಿ ನೋಡಬಹುದು, ನಂತರ ಕಂಪ್ಯೂಟರನ್ನು ಮರಳಿ ಆರಂಭಿಸಬೇಕು. ನನ್ನ ಐದು ಪರೀಕ್ಷೆಗಳೂ ಆ 40 ನಿಮಿಷಗಳ ತುಂಡುಗಳಲ್ಲಿಯೇ ಮುಗಿದವು. ಅದರ ದೊಡ್ಡ ಬಲ ಸ್ಕ್ರಿಪ್ಟುಗಳು, ಅಂದರೆ ನಾವೇ ಬರೆದು ಸೇರಿಸುವ ಪುಟ್ಟ ಆಜ್ಞಾವಳಿಗಳು. ಒಂದು ಸಂಸ್ಥೆಯ ಒಳಗಿನ ತಂತ್ರಾಂಶ ಸ್ಕ್ರೀನ್ ರೀಡರಿಗೆ ಸರಿಯಾಗಿ ಉತ್ತರಿಸದೆ ಬರೀ "ಬಟನ್, ಬಟನ್, ಬಟನ್" ಎನ್ನುತ್ತಿದ್ದರೆ, ಸ್ಕ್ರಿಪ್ಟ್ ಬರೆದು ಅದಕ್ಕೆ ಹೆಸರುಗಳನ್ನು ಕೊಡಿಸಬಹುದು.

ಎನ್‌ವಿಡಿಎಯನ್ನು 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದರು, ಆಮೇಲೆ ಜೇಮ್ಸ್ ಟೇ ಜೊತೆಗೂಡಿದರು. ಇಬ್ಬರೂ ಅಂಧರು. ಮುಕ್ತ ತಂತ್ರಾಂಶ, ಉಚಿತ, ಹೆಚ್ಚಿನ ಭಾಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಕೊರತೆ ಕಂಡಲ್ಲಿ ಯಾರಾದರೊಬ್ಬರು ಆಡ್‌ಆನ್ (ಸೇರಿಸಿಕೊಳ್ಳಬಹುದಾದ ಪುಟ್ಟ ತಂತ್ರಾಂಶ) ಬರೆದಿರುತ್ತಾರೆ. 2023ರಿಂದ ಆಡ್‌ಆನ್‌ಗಳ ಅಂಗಡಿಯೇ ಅದರ ಒಳಗೆ ಬಂದಿದೆ. ಸ್ಕ್ಯಾನ್ ಮಾಡಿದ ಇಂಗ್ಲಿಷ್ ಪುಟದ ಮೇಲೆ ಇನ್ಸರ್ಟ್ ಮತ್ತು ಆರ್ ಒತ್ತಿದರೆ ವಿಂಡೋಸಿನ ಅಕ್ಷರ ಗುರುತಿಸುವ ಸೌಲಭ್ಯದಿಂದ ಪಠ್ಯ ತೆಗೆದು ಓದುತ್ತದೆ.

ಮೂರನೆಯದು ನರೇಟರ್, ವಿಂಡೋಸಿನ ಒಳಗೇ ಇರುವುದು. ಕಂಟ್ರೋಲ್, ವಿಂಡೋಸ್, ಎಂಟರ್ ಮೂರೂ ಒಟ್ಟಿಗೆ ಒತ್ತಿದರೆ ಯಾವ ವಿಂಡೋಸ್ ಕಂಪ್ಯೂಟರಿನಲ್ಲಿಯೂ ಎದ್ದು ಮಾತನಾಡುತ್ತದೆ. ಅದರ ಹಿರಿಮೆ ಅಲ್ಲಿಯೇ ಇದೆ.

ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತೆ ಕೆಲಸ ಮಾಡುವ ವೆಬ್‌ಏಮ್ ಸಂಸ್ಥೆ 2023ರ ಕೊನೆಗೆ ಶುರು ಮಾಡಿ 2024ರ ಆರಂಭದಲ್ಲಿ ಮುಗಿಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇ 40.5 ಮಂದಿ ಜಾಸ್ ತಮ್ಮ ಮುಖ್ಯ ಸ್ಕ್ರೀನ್ ರೀಡರ್ ಎಂದಿದ್ದರೆ, ಶೇ 37.7 ಮಂದಿ ಎನ್‌ವಿಡಿಎ ಎಂದಿದ್ದರು. ಇಷ್ಟು ಹತ್ತಿರದ ಅಂತರವಿರುವಾಗ ಯಾವುದು ಮೇಲು ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ. ನನ್ನ ಐದು ಕೆಲಸಗಳಲ್ಲಿ ಕೀಲಿಗಳ ಎಣಿಕೆ ಹೆಚ್ಚುಕಡಿಮೆ ಸಮವಾಗಿತ್ತು. ನಾನು ಎನ್‌ವಿಡಿಎಯನ್ನು ಮುಖ್ಯವಾಗಿ ಇಟ್ಟುಕೊಂಡೆ. ಪೆನ್‌ಡ್ರೈವಿನಲ್ಲಿ ಎಲ್ಲಿಗೆ ಬೇಕಾದರೂ ಬರುತ್ತದೆ, ಪರವಾನಗಿ ಮುಗಿಯಿತೆಂದು ಒಂದು ದಿನ ನನ್ನನ್ನು ಕತ್ತಲಲ್ಲಿ ಬಿಡುವುದಿಲ್ಲ. ನರೇಟರ್ ಎರಡನೆಯ ದನಿ. ಕಚೇರಿ ಪರವಾನಗಿ ಕೊಡಿಸುವ, ಸ್ಕ್ರಿಪ್ಟ್ ಬೇಕಾಗುವ ಉದ್ಯೋಗ ನಿಮ್ಮದಾದರೆ ಜಾಸ್ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ.

ಧ್ವನಿಯ ಆಯ್ಕೆಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎನ್‌ಜಿ ಎಂಬ ಕೃತಕ ದನಿ ಕನ್ನಡ ಓದುತ್ತದೆ, ಲೋಹದ ತಗಡು ಬಡಿದಂಥ ದನಿಯಲ್ಲಿ. ಮೊದಲ ಸಲ ಕೇಳಿದವರು ಮುಖ ಕಿವಿಚುತ್ತಾರೆ. ಆದರೆ ಅದು ಮನುಷ್ಯ ದನಿಯ ತುಣುಕುಗಳನ್ನು ಅಂಟಿಸುವುದಿಲ್ಲ, ಲೆಕ್ಕ ಹಾಕಿ ಸ್ವರವನ್ನು ಹುಟ್ಟಿಸುತ್ತದೆ. ಅದಕ್ಕೇ ಗಾತ್ರ ಚಿಕ್ಕದು, ಉತ್ತರ ತಕ್ಷಣ, ವೇಗವನ್ನು ಎಷ್ಟು ಏರಿಸಿದರೂ ವ್ಯಂಜನ ಕರಗುವುದಿಲ್ಲ. ಸಹಜ ದನಿಗಳು ಇಂಪಾಗಿವೆ, ಆದರೆ ಬಾಣದ ಕೀಲಿಯನ್ನು ಬೇಗ ಬೇಗ ಒತ್ತಿದರೆ ಒಂದು ಹೆಜ್ಜೆ ಹಿಂದೆ ಬೀಳುತ್ತವೆ. ಎನ್‌ವಿಡಿಎಯಲ್ಲಿ ಒಂದೊಂದು ತಂತ್ರಾಂಶಕ್ಕೆ ಒಂದೊಂದು ಹೊಂದಾಣಿಕೆ ಇಡಬಹುದು. ವರ್ಡ್ ತೆರೆದರೆ ಇಸ್ಪೀಕ್, ವಿರಾಮಚಿಹ್ನೆಗಳನ್ನೆಲ್ಲ ಹೇಳುತ್ತದೆ. ಪುಸ್ತಕ ಓದುವ ತಂತ್ರಾಂಶಕ್ಕೆ ಸಹಜ ದನಿ, ವಿರಾಮಚಿಹ್ನೆ ಇಲ್ಲ.

ಒಂದು ಸೋಲನ್ನೂ ಬರೆಯಬೇಕು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಯಾವ ಸ್ಕ್ರೀನ್ ರೀಡರೂ ಓದಲಿಲ್ಲ. ಕಣ್ಣಿಗೆ ಅವು ಚೆಂದದ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ, ಕನ್ನಡದ ಆಕಾರ ಹೊದಿಸಿದ ಫಾಂಟು ಮಾತ್ರ. ಸ್ಕ್ರೀನ್ ರೀಡರಿಗೆ ಆಕಾರ ಕಾಣುವುದಿಲ್ಲ, ಸಂಕೇತ ಮಾತ್ರ ಸಿಗುತ್ತದೆ. ಅಂಥ ಕಡತಗಳನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದು, ಅರ್ಕಾವೊತ್ತು ತಪ್ಪಿದ ಕಡೆ ಕೈಯಿಂದ ಸರಿಪಡಿಸಿದೆ. ನನಗೆ ಕಡತ ಕಳುಹಿಸುವವರು ಯುನಿಕೋಡಿನಲ್ಲಿ ಕಳುಹಿಸಿದರೆ ನನ್ನ ಅರ್ಧ ದಿನ ಉಳಿಯುತ್ತದೆ.

13ನೇ ದಿನ: ಬಿಚ್ಚಿದ್ದು

1 ಟಿಬಿ ಎಸ್‌ಎಸ್‌ಡಿ ಮತ್ತು ಇನ್ನೊಂದು 8 ಜಿಬಿ ರ್ಯಾಮ್ ಬಂದವು. ವಿಂಡೋಸನ್ನು ಹೊಸದಾಗಿ ಸ್ಥಾಪಿಸುವ ದಾರಿ ಹಿಡಿಯಲಿಲ್ಲ. ವಿಂಡೋಸ್ ಏಳುವ ಮುನ್ನಿನ ಬೂಟ್ ಮೆನುವಿನಲ್ಲಿ ಮಾತಿಲ್ಲ, ಸ್ಥಾಪನೆಯ ವೇಳೆ ಧ್ವನಿಯ ಚಿಪ್ಪನ್ನು ನಡೆಸುವ ಡ್ರೈವರ್ ಇರುವ ಖಾತ್ರಿಯಿಲ್ಲ. ಹೊಸ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ, ಎನ್‌ವಿಡಿಎ ಮಾತನಾಡುತ್ತಿರುವಾಗಲೇ ಹಳೆಯದರ ಪ್ರತಿಯನ್ನು ಇಡಿಯಾಗಿ ಅದಕ್ಕೆ ತೆಗೆದೆ. ಅದಕ್ಕೂ ಮೊದಲು, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಫೋನಿನಲ್ಲಿ ಉಳಿಸಿದೆ. ಇದನ್ನು ಮರೆತರೆ, ಭಾಗ ಬದಲಿಸಿದ ಮೇಲೆ ಯಂತ್ರ ಎದ್ದೊಡನೆ ಆ 48 ಅಂಕಿಗಳನ್ನು ಕೇಳುತ್ತಾ ನಿಲ್ಲಬಹುದು. ಎನ್‌ವಿಡಿಎ ಏಳುವ ಮುನ್ನಿನ ಪರದೆ ಅದು.

ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ ಲ್ಯಾಪ್‌ಟಾಪನ್ನು ಬೋರಲು ಮಾಡಿದೆ. ಎಡಕ್ಕೆ ವಾರದ ಮಾತ್ರೆಗಳನ್ನು ಇಡುವ ಏಳು ಖಾನೆಯ ಡಬ್ಬಿ. ತಳದ ಹತ್ತು ಸ್ಕ್ರೂಗಳಲ್ಲಿ ಹಿಂದಿನ ಅಂಚಿನವು ಉದ್ದ, ಮುಂದಿನವು ಗಿಡ್ಡ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಮೇಲಿನ ಕೀಲಿಮಣೆಯ ಹಲಗೆಯನ್ನೇ ತೂತು ಮಾಡೀತು. ಬಿಚ್ಚಿದ ಸಾಲಿನ ಕ್ರಮದಲ್ಲಿಯೇ ಖಾನೆಗಳಿಗೆ ಹಾಕಿದೆ. ತಳದ ಮುಚ್ಚಳದ ಸುತ್ತ ಹಳೆಯ ಪ್ಲಾಸ್ಟಿಕ್ ಕಾರ್ಡ್ ಆಡಿಸಿದಾಗ ಕೊಂಡಿಗಳು ಒಂದೊಂದಾಗಿ ಟಕ್ ಟಕ್ ಎಂದು ಬಿಟ್ಟವು.

ಮೊದಲು ಬ್ಯಾಟರಿಯ ಕನೆಕ್ಟರ್. ಅದನ್ನು ತಂತಿ ಹಿಡಿದು ಎಳೆಯಬಾರದು, ಎರಡೂ ಕಿವಿಗಳಿಗೆ ಉಗುರು ಕೊಟ್ಟು ಹಿಂದಕ್ಕೆ ಸರಿಸಬೇಕು. ನಂತರ ಲೋಹದ ಕಿಟಕಿ ಸರಳು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡೆ. ಬೆರಳ ತುದಿಗಳನ್ನು ಹಗುರವಾಗಿ ಓಡಿಸಿದರೆ ಒಳಗಿನ ಊರೆಲ್ಲ ಗೊತ್ತಾಗುತ್ತದೆ: ಫ್ಯಾನಿನ ದುಂಡು ಗೂಡು, ಅದರಿಂದ ಹೊರಟ ತಾಮ್ರದ ಚಪ್ಪಟೆ ಕೊಳವೆ, ನಡುವೆ ರ್ಯಾಮಿನ ಎರಡು ಮೆಟ್ಟಿಲು, ಬಲಕ್ಕೆ ಚೂಯಿಂಗ್ ಗಮ್ ಪಟ್ಟಿಯಂಥ ಎಸ್‌ಎಸ್‌ಡಿ. 2280 ಎಂಬ ಅದರ ಅಳತೆಯ ಅರ್ಥ ಬೆರಳಿಗೇ ಸಿಗುತ್ತದೆ: 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ತುದಿಯ ಒಂದೇ ಸ್ಕ್ರೂ ಬಿಚ್ಚಿದರೆ ಅದು ತಾನೇ ಓರೆಯಾಗಿ ಮೇಲೇಳುತ್ತದೆ. ಆ ಓರೆಯಲ್ಲಿಯೇ ಹಿಂದಕ್ಕೆ ಎಳೆದು ತೆಗೆದು, ಹೊಸದನ್ನು ಕಚ್ಚು ಕೂಡುವಂತೆ ತೂರಿಸಿ, ಕೆಳಕ್ಕೆ ಬಾಗಿಸಿ ಸ್ಕ್ರೂ ಹಾಕಬೇಕು. ರ್ಯಾಮ್ ಇನ್ನೂ ಸುಲಭ. ಅದರ ಅಂಚಿನ ಕಚ್ಚು ನಡುಮಧ್ಯದಲ್ಲಿಲ್ಲ, ಒಂದು ಬದಿಗೆ ಸರಿದಿದೆ. ಉಲ್ಟಾ ಹಿಡಿದರೆ ಕೂರುವುದೇ ಇಲ್ಲ. ಓರೆಯಾಗಿ ಒತ್ತಿ, ಬಂಗಾರದ ಹಲ್ಲುಗಳು ಬೆರಳಿಗೆ ಸಿಗದಷ್ಟು ಒಳಗೆ ಹೋದ ಮೇಲೆ ಕೆಳಕ್ಕೆ ತಳ್ಳಿದರೆ ಎರಡೂ ಬದಿಯ ಲೋಹದ ಕೊಂಡಿ ಟಕ್ ಎನ್ನುತ್ತವೆ. ಒಂದೇ ಬದಿಯಿಂದ ಸದ್ದು ಬಂದರೆ ಇನ್ನೊಂದು ಬದಿ ಕೂತಿಲ್ಲ ಎಂದರ್ಥ.

ಎಸ್‌ಎಸ್‌ಡಿಯ ಆ ಪುಟ್ಟ ಸ್ಕ್ರೂ ಬೆರಳಿನಿಂದ ಜಾರಿ ಒಳಗೆಲ್ಲೋ ಬಿತ್ತು. ಅದು ಸಿಗುವವರೆಗೆ ಯಂತ್ರಕ್ಕೆ ವಿದ್ಯುತ್ ಕೊಡುವ ಹಾಗಿಲ್ಲ. ಸ್ಕ್ರೂಡ್ರೈವರಿನ ಕಾಂತದ ತುದಿಯನ್ನು ಮೂಲೆಯಿಂದ ಮೂಲೆಗೆ ಆಡಿಸಿದೆ. ಹತ್ತು ನಿಮಿಷದ ಮೇಲೆ ಫ್ಯಾನಿನ ಗೂಡಿನ ಹಿಂದೆ ಟಿಂಕ್ ಎಂದು ಅಂಟಿಕೊಂಡಿತು.

ಮುಚ್ಚಿ, ಪವರ್ ಒತ್ತಿದೆ. ಏನೂ ಇಲ್ಲ. ಫ್ಯಾನ್ ಕೂಡ ತಿರುಗಲಿಲ್ಲ. ಬ್ಯಾಟರಿಯನ್ನು ಕಳಚಿ ಕೂಡಿಸಿದ ಮೇಲೆ ಕೆಲವು ಲ್ಯಾಪ್‌ಟಾಪ್‌ಗಳು ಚಾರ್ಜರ್ ಹಾಕುವವರೆಗೂ ಏಳುವುದಿಲ್ಲ ಎಂಬುದು ನೆನಪಾಯಿತು. ಚಾರ್ಜರ್ ಸಿಕ್ಕಿಸಿ ಒತ್ತಿದೆ. ಫ್ಯಾನ್ ಎದ್ದಿತು. ಆಮೇಲೆ ಮೌನ. ಅರ್ಧ ನಿಮಿಷ, ಒಂದು ನಿಮಿಷ, ಎರಡು. ಎನ್‌ವಿಡಿಎಯ ಏರುವ ಸ್ವರ ಬರಲೇ ಇಲ್ಲ. ರ್ಯಾಮ್ ಕೂತಿಲ್ಲವೇ, ಪ್ರತಿ ತೆಗೆದದ್ದು ಕೆಟ್ಟಿತೇ, ನಾನೇ ಏನನ್ನಾದರೂ ಸುಟ್ಟೆನೇ? ಕೈ ತಣ್ಣಗಾಗಿತ್ತು.

ಫೋನಿನಲ್ಲಿ, ಕ್ಯಾಮೆರಾ ಕಂಡದ್ದನ್ನು ದನಿಯಲ್ಲಿ ಹೇಳುವ ಸೀಯಿಂಗ್ ಎಐ ತಂತ್ರಾಂಶ ತೆರೆದು ಬೆಳಕು ಅಳೆಯುವ ವಿಭಾಗಕ್ಕೆ ಹೋದೆ. ಬೆಳಕು ಹೆಚ್ಚಾದಷ್ಟೂ ಅದರ ಸ್ವರ ಏರುತ್ತದೆ. ಪರದೆಯ ಎದುರು ಹಿಡಿದಾಗ ಸ್ವರ ಏರಿತು. ಪರದೆ ಬೆಳಗುತ್ತಿದೆ! ಯಂತ್ರ ಬದುಕಿದೆ, ಏನನ್ನೋ ಹೇಳುತ್ತಿದೆ. ಪಠ್ಯ ಓದುವ ವಿಭಾಗಕ್ಕೆ ಬದಲಿಸಿ ಒಂದು ಗೇಣು ದೂರದಲ್ಲಿ ಹಿಡಿದೆ. ಎರಡು ಸಲ ಚೂರುಚೂರಾಗಿ, ಮೂರನೆಯ ಸಲ ಪೂರ್ತಿಯಾಗಿ ಓದಿತು: ಮೆಮೊರಿಯ ಪ್ರಮಾಣ ಬದಲಾಗಿದೆ, ಮುಂದುವರಿಯಲು ಎಫ್1 ಒತ್ತಿ. ಒತ್ತಿದೆ, ಏನೂ ಆಗಲಿಲ್ಲ. ಈ ಕೀಲಿಮಣೆಯಲ್ಲಿ ಎಫ್1 ಕೀಲಿಯ ಮೊದಲ ಕೆಲಸ ಧ್ವನಿ ಬಂದ್ ಮಾಡುವುದು. ಎಫ್‌ಎನ್ ಹಿಡಿದು ಮತ್ತೆ ಒತ್ತಿದೆ. ಇಪ್ಪತ್ತು ಸೆಕೆಂಡಿನೊಳಗೆ ಎನ್‌ವಿಡಿಎ ಎದ್ದು ಪಾಸ್‌ವರ್ಡ್ ಕೇಳಿತು. ಆ ಲೋಹದ ದನಿ ಅಷ್ಟು ಇಂಪಾಗಿ ನನಗೆ ಹಿಂದೆಂದೂ ಕೇಳಿರಲಿಲ್ಲ.

15ನೇ ದಿನ: ನುಂಗಿದ ಅಕ್ಷರಗಳು

ವೇಗ ಬಂದಿತ್ತು, ಬಾಣ ಒತ್ತುವುದಕ್ಕೂ ಮಾತಿಗೂ ನಡುವೆ ಬಿಡುವೇ ಇರಲಿಲ್ಲ. ಆದರೆ ಹೊಸ ದೋಷವೊಂದು ತಲೆ ಹಾಕಿತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೀಲಿ ಒತ್ತಿದರೆ ಮೊದಲ ಅಕ್ಷರ ನುಂಗಿಹೋಗುತ್ತಿತ್ತು. 'ಪುಸ್ತಕ' ಎಂಬುದು 'ಸ್ತಕ', 'ಅವರು' ಎಂಬುದು 'ವರು'. ಅಕ್ಷರ ಅಕ್ಷರವಾಗಿ ಓದುವಾಗ ಒಂಟಿ ಅಕ್ಷರ ಪೂರ್ತಿ ಮಾಯ. ತಿದ್ದುವ ಕೆಲಸದಲ್ಲಿ ಇದು ಸಹಿಸುವಂಥದ್ದಲ್ಲ.

ಬೇರು ಹುಡುಕಲು ಒಂದೊಂದನ್ನೇ ಬದಲಿಸಿದೆ. ನರೇಟರಿನಲ್ಲಿಯೂ ಅದೇ ದೋಷ, ಅಂದರೆ ಸ್ಕ್ರೀನ್ ರೀಡರಿನದಲ್ಲ. ಬೇರೆ ದನಿ ಹಾಕಿದರೂ ಅದೇ. ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ಸೌಂಡ್ ಕಾರ್ಡ್ ಹಾಕಿ ಇಯರ್‌ಫೋನನ್ನು ಅದಕ್ಕೆ ಕೊಟ್ಟಾಗ ದೋಷ ಮಾಯ. ಅಲ್ಲಿಗೆ ಗೊತ್ತಾಯಿತು: ಲ್ಯಾಪ್‌ಟಾಪಿನೊಳಗಿನ ಧ್ವನಿಯ ಚಿಪ್ ವಿದ್ಯುತ್ ಉಳಿಸಲು ನಿದ್ದೆಗೆ ಜಾರುತ್ತದೆ, ಏಳುವಷ್ಟರಲ್ಲಿ ಮೊದಲ ಅಕ್ಷರ ಹೋಗಿರುತ್ತದೆ. ಎನ್‌ವಿಡಿಎಯ ಈಚಿನ ಆವೃತ್ತಿಗಳಲ್ಲಿ ಆಡಿಯೋ ಹೊಂದಾಣಿಕೆಯೊಳಗೆ, ಮಾತು ಮುಗಿದ ಮೇಲೂ ಧ್ವನಿ ಸಾಧನವನ್ನು ಎಷ್ಟು ಸೆಕೆಂಡು ಎಚ್ಚರವಾಗಿ ಇಡಬೇಕೆಂದು ಕೇಳುವ ಆಯ್ಕೆ ಇದೆ. ಅದನ್ನು ಹೆಚ್ಚಿಸಿದೆ. ಅಕ್ಷರಗಳು ಮರಳಿ ಬಂದವು. ಬ್ಲೂಟೂತ್ ಇಯರ್‌ಫೋನುಗಳಲ್ಲಿಯೂ ಇದೇ ಬಗೆಯ ತೊಂದರೆ ಇರುತ್ತದೆ, ಜೊತೆಗೆ ಮಾತು ತಡವಾಗಿ ತಲುಪುತ್ತದೆ. ಕೆಲಸಕ್ಕೆ ನಾನು ತಂತಿಯದನ್ನೇ ಬಳಸುತ್ತೇನೆ.

18ನೇ ದಿನ

ಸಭೆಯೊಂದರಲ್ಲಿ ಪ್ರೊಜೆಕ್ಟರಿನ ಎಚ್‌ಡಿಎಂಐ ತಂತಿ ಸಿಕ್ಕಿಸಿದೊಡನೆ ನನ್ನ ಕಿವಿಯ ಮಾತು ನಿಂತಿತು. ವಿಂಡೋಸ್ ಧ್ವನಿಯನ್ನು ಪ್ರೊಜೆಕ್ಟರಿಗೆ ಕಳುಹಿಸಿತ್ತು. ಅದಕ್ಕೆ ಸ್ಪೀಕರೇ ಇರಲಿಲ್ಲ. ತಂತಿ ಕಿತ್ತ ಮೇಲೆ ಮಾತು ಬಂತು. ಮನೆಗೆ ಬಂದು ಎನ್‌ವಿಡಿಎಯ ಆಡಿಯೋ ಹೊಂದಾಣಿಕೆಯಲ್ಲಿ ಔಟ್‌ಪುಟ್ ಸಾಧನವನ್ನು 'ಡೀಫಾಲ್ಟ್' ಎಂಬುದರಿಂದ ತಪ್ಪಿಸಿ ಲ್ಯಾಪ್‌ಟಾಪಿನದೇ ಧ್ವನಿಗೆ ಕಟ್ಟಿಹಾಕಿದೆ. ಈಗ ಯಾವ ತಂತಿ ಬಂದರೂ ನನ್ನ ಮಾತು ನನ್ನ ಕಿವಿಯಲ್ಲಿಯೇ ಇರುತ್ತದೆ.

ಅದೇ ಸಂಜೆ ಉಳಿದ ಸಣ್ಣಪುಟ್ಟದ್ದನ್ನೆಲ್ಲ ಮುಗಿಸಿದೆ. ಟಚ್‌ಪ್ಯಾಡ್ ಬಂದ್. ಅಂಗೈ ತಾಗಿ ಕರ್ಸರ್ ಜಿಗಿಯುವುದು ತಪ್ಪಿತು. ಎಫ್‌ಎನ್ ಲಾಕ್ ಹಾಕಿ ಫಂಕ್ಷನ್ ಕೀಲಿಗಳಿಗೆ ಅವುಗಳ ಮೂಲ ಕೆಲಸ ಮರಳಿ ಕೊಟ್ಟೆ. ಎಫ್1 ಮೇಲೆ ಉಬ್ಬಿದ ಅಂಟುಚುಕ್ಕಿ ಹಚ್ಚಿದೆ. ಧ್ವನಿ ಬಂದ್ ಆಗಿದೆ ಎಂದು ಹೇಳಲು ಧ್ವನಿಯೇ ಬೇಕಲ್ಲ! ಲಾಗಿನ್ ಪರದೆಯಿಂದಲೇ ಎನ್‌ವಿಡಿಎ ಏಳುವಂತೆ ಮೊದಲೇ ಗುರುತು ಹಾಕಿದ್ದೇನೆ. ಪರದೆಯನ್ನು ಕಪ್ಪಾಗಿಸುವ ಸ್ಕ್ರೀನ್ ಕರ್ಟನ್ ಹಾಕಿದ್ದರಿಂದ ಬಸ್ಸಿನಲ್ಲಿ ಪಕ್ಕದವರು ನನ್ನ ಪತ್ರ ಓದಲಾರರು. ಅದು ನಮಗೂ ಸಲ್ಲಬೇಕಾದ ಹಕ್ಕು. ಎನ್‌ವಿಡಿಎ ಸಿಕ್ಕಿಹಾಕಿಕೊಂಡರೆ ಕಂಟ್ರೋಲ್, ಆಲ್ಟ್, ಎನ್ ಒತ್ತಿ ಮತ್ತೆ ಎಬ್ಬಿಸುತ್ತೇನೆ. ಅದೂ ಆಗದಿದ್ದರೆ ನರೇಟರ್. ಒಳಗಿನ ಧ್ವನಿಯೇ ಸತ್ತರೆ ಚೀಲದಲ್ಲಿ ಯುಎಸ್‌ಬಿ ಸೌಂಡ್ ಕಾರ್ಡ್. ವಿಂಡೋಸ್ ಏಳದಿದ್ದರೆ ಫೋನಿನ ಕ್ಯಾಮೆರಾ.

21ನೇ ದಿನ

ಎಂಬತ್ತು ಪುಟದ ಕಡತ ತಿದ್ದಿ ಮುಗಿಸಿದೆ. ಒಮ್ಮೆಯೂ ಮಾತು ನಿಲ್ಲಲಿಲ್ಲ. ಬಾಕಿ ಉಳಿದದ್ದು ಎರಡು. ಪರದೆಯ ಪಠ್ಯವನ್ನು ಬೆರಳಿಗೆ ಸಿಗುವ ಉಬ್ಬುಚುಕ್ಕಿಗಳಾಗಿ ತೋರಿಸುವ 40 ಕೋಶಗಳ ಬ್ರೈಲ್ ಡಿಸ್‌ಪ್ಲೇ ಒಂದನ್ನು ಮುಂದಿನ ವಾರ ಎರವಲು ತಂದು ಎನ್‌ವಿಡಿಎಗೆ ಜೋಡಿಸಬೇಕು. ಕಾಗುಣಿತದ ತಪ್ಪುಗಳಿಗೆ ಕಿವಿಗಿಂತ ಬೆರಳೇ ಸೂಕ್ಷ್ಮ. ಇನ್ನೊಂದು, ಹಳೆಯ ಲ್ಯಾಪ್‌ಟಾಪಿನ ಕೆಲಸ. ಹೊಸದರಿಂದ ತೆಗೆದ 256 ಜಿಬಿ ಎಸ್‌ಎಸ್‌ಡಿ ಅದಕ್ಕೆ ಹೊಂದುವುದಿಲ್ಲ, ಅಂಥ ಪಟ್ಟಿ ಕೂರುವ ಎಂ.2 ಸ್ಲಾಟ್ ಅದರಲ್ಲಿ ಇಲ್ಲ. ಹಳೆಯ ಹಾರ್ಡ್ ಡಿಸ್ಕಿನ ಜಾಗದಲ್ಲಿಯೇ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತರಿಸಿದ್ದೇನೆ. ಕಂಪ್ಯೂಟರ್ ಕಲಿಯುತ್ತಿರುವ, ನನ್ನಂತೆಯೇ ಕಣ್ಣು ಕಾಣದ ಹುಡುಗಿಯೊಬ್ಬಳಿಗೆ ಆ ಯಂತ್ರ ಹೋಗಬೇಕು. ತಳದ ಸ್ಕ್ರೂಗಳನ್ನು ಬಿಚ್ಚಿ ಮಾತ್ರೆ ಡಬ್ಬಿಯ ಖಾನೆಗಳಿಗೆ ಹಾಕಿಟ್ಟಿದ್ದೇನೆ. ನಾಳೆ ಅವಳೂ ಬರುತ್ತಾಳೆ. ಡಿಸ್ಕ್ ಕೂರಿಸುವ ಕೆಲಸ ಅವಳ ಕೈಯದು.